ಮನೆಯಲ್ಲೇ ಸ್ಪೀಕರ್ ಕಟ್ಟುವವರಿಗೆ: ಮುಚ್ಚಿದ ಪೆಟ್ಟಿಗೆಯೋ, ಪೈಪ್ ಹಾಕಿದ ಪೆಟ್ಟಿಗೆಯೋ?

ಸ್ಪೀಕರ್ ಕಟ್ಟಬೇಕು ಅಂತ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಡ್ರೈವರ್ ಕೊಂಡಾದ ಮೇಲೆಯೇ ಬರುತ್ತಾರೆ. ಕೈಯಲ್ಲಿ ಒಂದು ಜೋಡಿ ಆರಿಂಚಿನ ಸ್ಪೀಕರ್ ಇರುತ್ತದೆ. "ಇದಕ್ಕ ಎಷ್ಟು ದೊಡ್ಡ ಡಬ್ಬಿ ಮಾಡಬೇಕ್ರಿ?" ಅಂತ ಕೇಳುತ್ತಾರೆ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಏನು ಕೇಳುತ್ತೀರಿ? ಎಂಥ ಕೋಣೆ? ಕೋಣೆಯಲ್ಲಿ ಎಲ್ಲಿ ಇಡುತ್ತೀರಿ? ಈ ಮೂರೂ ಗೊತ್ತಾಗದೆ ಅಳತೆ ಹೇಳುವುದು ಕಾಲು ನೋಡದೆ ಚಪ್ಪಲಿ ಹೊಲಿದ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯವರು ಸ್ಪೀಕರ್ ಅನ್ನುವ, ಕೋನ್ ಮತ್ತು ಮ್ಯಾಗ್ನೆಟ್ ಇರುವ ಭಾಗವನ್ನು ನಾನು ಡ್ರೈವರ್ ಅನ್ನುತ್ತೇನೆ. ಪೆಟ್ಟಿಗೆಯಲ್ಲಿ ಕೂತ ಮೇಲೆ ಅದು ಸ್ಪೀಕರ್.

ಇಲ್ಲಿ ಬರೆಯುತ್ತಿರುವುದು ನಮ್ಮ ಕಲಬುರಗಿ ಕಡೆಯ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು. ಹತ್ತು ಹನ್ನೆರಡು ಅಡಿಯ ಕೋಣೆ, ಕೆಳಗೆ ಶಹಾಬಾದ್ ಫರಸಿ, ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಕಿಟಕಿಗೆ ಕೂಲರ್. ಮೊದಲ ಸಲ ಕಟ್ಟುವವರು ಯಾವ ಆಯ್ಕೆಯಲ್ಲಿ ತಪ್ಪು ಮಾಡಿದರೂ ತಿದ್ದಿಕೊಳ್ಳಬಹುದೋ ಅದನ್ನೇ ಹಿಡಿಯಬೇಕು. ನಾನು ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆಯೇ.

ಪೆಟ್ಟಿಗೆಯ ಬಗೆ

ಡ್ರೈವರನ್ನು ಸುಮ್ನೆ ಮೇಜಿನ ಮೇಲಿಟ್ಟು ಹಾಡು ಹಚ್ಚಿ ನೋಡಿ. ದನಿ ತೆಳ್ಳಗೆ, ಡಬ್ಬದಲ್ಲಿ ಮಾತಾಡಿದ ಹಾಗಿರುತ್ತದೆ. ಕೋನ್ ಮುಂದೆ ಹೋದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಬೇಸ್, ಅಂದರೆ ತಗ್ಗಿನ ಸ್ವರಗಳ, ಅಲೆಗಳು ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಹಿಂದಿನ ಗಾಳಿಯನ್ನು ಏನು ಮಾಡುವುದು ಅನ್ನುವುದೇ ಪೆಟ್ಟಿಗೆಯ ಮೊದಲ ಪ್ರಶ್ನೆ.

ಒಂದು ಉತ್ತರ, ಪೂರ್ತಿ ಮುಚ್ಚಿಬಿಡುವುದು. ಒಳಗೆ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಕೋನನ್ನು ತನ್ನ ಜಾಗಕ್ಕೆ ಎಳೆದು ತರುತ್ತದೆ. ಅಮೆರಿಕದ ಎಡ್ಗರ್ ವಿಲ್ಚೂರ್ 1954ರಲ್ಲಿ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಎಆರ್-1 ಅನ್ನುವ ಸ್ಪೀಕರ್ ತಂದರು. ಅಲ್ಲಿಯ ತನಕ ಒಳ್ಳೆಯ ಬೇಸ್ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು.

ಇನ್ನೊಂದು ಉತ್ತರ, ಪೆಟ್ಟಿಗೆಗೆ ಒಂದು ಪೈಪ್ ಕೂಡಿಸುವುದು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ, ಅಲ್ವಾ? ಅದೇ ತತ್ವ. ಪೈಪಿನ ಉದ್ದ, ಅಗಲ, ಪೆಟ್ಟಿಗೆಯ ಗಾತ್ರ ಸರಿ ಹೊಂದಿಸಿದರೆ, ಕೋನ್ ಸೋಲುವ ಜಾಗದಲ್ಲಿ ಪೈಪ್ ಕೈಗೂಡಿಸುತ್ತದೆ. ಇದನ್ನು ಬೇಸ್ ರಿಫ್ಲೆಕ್ಸ್ ಅನ್ನುತ್ತಾರೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಅವರಿಗೆ 1932ರಲ್ಲೇ ಇದರ ಪೇಟೆಂಟ್ ಸಿಕ್ಕಿತು.

ಪೇಟೆಯಲ್ಲಿ ಸಿಗುವ ಸಿದ್ಧ ಸ್ಪೀಕರ್‌ಗಳಲ್ಲಿ ಪೈಪ್ ಇರುವುದೇ ಜಾಸ್ತಿ. ಕಾರಣ ಇದೆ. ಅದೇ ಡ್ರೈವರ್‌ನಿಂದ ಇನ್ನಷ್ಟು ಕೆಳಗಿನ ಬೇಸ್ ತೆಗೆಯಬಹುದು. ಆದರೆ ಇಲ್ಲಿ ಎರಡು ಅಪಾಯ ಇವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ನಿಧಾನವಾಗಿ ಇಳಿಯುತ್ತದೆ, ಪ್ರತಿ ಆಕ್ಟೇವಿಗೆ (ಸಪ್ತಕಕ್ಕೆ) 12 ಡೆಸಿಬೆಲ್ (ದನಿಯ ಜೋರಿನ ಅಳತೆ). ಪೈಪಿನದರಲ್ಲಿ ಕಡಿದ ಹಾಗೆ ಬೀಳುತ್ತದೆ, 24 ಡೆಸಿಬೆಲ್. ಎರಡನೆಯದು ಇನ್ನೂ ಮುಖ್ಯ. ಪೈಪ್ ಟ್ಯೂನ್ ಆದ ಸ್ವರಕ್ಕಿಂತ ಕೆಳಗೆ ಹೋದರೆ ಗಾಳಿಯ ಸ್ಪ್ರಿಂಗ್ ಇಲ್ಲದಂತಾಗುತ್ತದೆ. ಗಾಳಿ ಪೈಪಿನಿಂದ ಸುಮ್ನೆ ಒಳಗೆ ಹೊರಗೆ ಆಡುತ್ತದೆ, ಕೋನ್ ಹಿಡಿತವಿಲ್ಲದೆ ಕುಣಿಯುತ್ತದೆ. ಡೊಳ್ಳಿನ ರೆಕಾರ್ಡಿಂಗ್ ಅಥವಾ ಡಿಜೆ ಹಾಡು ಜೋರಾಗಿ ಹಚ್ಚಿದಾಗ ಚಿಕ್ಕ ಡ್ರೈವರ್ ಹರಿದುಹೋಗುವುದು ಹೀಗೆ.

ಒಂದು ಲೆಕ್ಕ ನೋಡೋಣ. ನಿಮ್ಮ ನಾಲ್ಕಿಂಚಿನ ಡ್ರೈವರಿನ ಕ್ಯುಟಿಎಸ್ 0.45, ವಿಎಎಸ್ 12 ಲೀಟರ್, ಎಫ್ಎಸ್ 60 ಹರ್ಟ್ಜ್ ಅಂದುಕೊಳ್ಳಿ. ಎಫ್ಎಸ್ ಅಂದರೆ ಡ್ರೈವರ್ ತಾನಾಗಿ ಅದುರುವ ಸ್ವರ, ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವ ಲೆಕ್ಕ. ವಿಎಎಸ್ ಅಂದರೆ ಕೋನಿನ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಅಳತೆ. ಕ್ಯುಟಿಎಸ್ ಅಂದರೆ ಆ ಅದುರಾಟ ಎಷ್ಟು ಬೇಗ ನಿಲ್ಲುತ್ತದೆ ಅನ್ನುವ ಅಂಕಿ, ಕಡಿಮೆ ಇದ್ದಷ್ಟು ಬೇಗ. ಇವು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಪೂರ್ತಿ ಮಾಡಿದ ಲೆಕ್ಕದ ಅಂಕಿಗಳು. ಒಳ್ಳೆಯ ಡ್ರೈವರಿನ ಜೊತೆ ಬರುವ ಕಾಗದದಲ್ಲಿ ಇವು ಇರುತ್ತವೆ. ಮುಚ್ಚಿದ ಪೆಟ್ಟಿಗೆಗೆ ಸೂತ್ರ ಸುಲಭ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಕ್ಯುಟಿಎಸ್‌ನಿಂದ ಗುಣಿಸಬೇಕು. ಉತ್ತರ 0.7ರ ಹತ್ತಿರ ಬಂದರೆ ದನಿ ಸಮವಾಗಿರುತ್ತದೆ. ಈ ಡ್ರೈವರಿಗೆ ಸುಮಾರು 8.2 ಲೀಟರ್ ಬೇಕು, ಬೇಸ್ ಸುಮಾರು 94 ಹರ್ಟ್ಜ್ ತನಕ ಸಿಗುತ್ತದೆ, ಅದರ ಕೆಳಗೆ ನಿಧಾನವಾಗಿ ಇಳಿಯುತ್ತದೆ.

ಈಗ ಅಳತೆ ತಪ್ಪಿ ಪೆಟ್ಟಿಗೆ 7 ಲೀಟರ್ ಆಯಿತು ಅನ್ನಿ. ಉತ್ತರ 0.74. 10 ಲೀಟರ್ ಆಯಿತು ಅನ್ನಿ, 0.67. ಕಿವಿಗೆ ಈ ಎರಡರ ನಡುವಿನ ವ್ಯತ್ಯಾಸ ಹಿಡಿಯುವುದು ಕಷ್ಟ. ಬಡಿಗತನ ಈಗಷ್ಟೇ ಕಲಿಯುತ್ತಿರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಏನಿದೆ?

ಪೈಪಿನದು ಹೀಗಲ್ಲ. ನಾನು ಮಾಡಿದ ಎರಡನೇ ಜೋಡಿ 12 ಲೀಟರಿನದು, ಒಳ ಅಗಲ 5 ಸೆಂಟಿಮೀಟರ್ ಇರುವ ಪಿವಿಸಿ ಪೈಪ್. 50 ಹರ್ಟ್ಜ್‌ಗೆ ಟ್ಯೂನ್ ಆಗಬೇಕಾದರೆ ಪೈಪ್ 16 ಸೆಂಟಿಮೀಟರ್ ಇರಬೇಕಿತ್ತು. ಆದರೆ ಅಷ್ಟುದ್ದದ ಪೈಪ್ ಹಿಂದಿನ ಹಲಗೆಗೆ ತಾಗುತ್ತಿತ್ತು. ಏನಾಗುತ್ತದೆ ಅಂತ 9ಕ್ಕೆ ಕತ್ತರಿಸಿದೆ. ಟ್ಯೂನ್ 62ಕ್ಕೆ ಏರಿತು. ಢೋಲಕ್‌ನ ಪ್ರತಿ ಪೆಟ್ಟೂ ಒಂದೇ ಸ್ವರದಲ್ಲಿ ಗುಂಯ್ ಅನ್ನತೊಡಗಿತು. ತಬಲಾದ ಡಗ್ಗಾದಲ್ಲಿ ಕೈ ಜಾರಿಸುವಾಗ ಸ್ವರ ಏರಿ ಇಳಿಯುವುದು ಕೇಳಲೇ ಇಲ್ಲ. ಕೊನೆಗೆ ಪೈಪಿನೊಳಗೆ ಹಳೆಯ ಟವೆಲ್ ಸುತ್ತಿ ತುರುಕಿದೆ, ದನಿ ಹಿಡಿತಕ್ಕೆ ಬಂತು. ಅಂದರೆ ಅದನ್ನು ಮುಚ್ಚಿದ ಪೆಟ್ಟಿಗೆಯಾಗಿಯೇ ಬಳಸಿದೆ. ಪೈಪನ್ನು ಒಳಗೆ ಬಗ್ಗಿಸಿ ಎಲ್ಬೋ ಹಾಕಬಹುದಿತ್ತು ಅಂತ ಆಮೇಲೆ ತಿಳಿಯಿತು.

ಹಾಗಾದರೆ ಯಾರಿಗೆ ಯಾವುದು? ವಚನ, ತತ್ವಪದ, ಕವ್ವಾಲಿ, ಹಾರ್ಮೋನಿಯಂ, ಆಕಾಶವಾಣಿಯ ಮಾತು, ಇವನ್ನು ಜಾಸ್ತಿ ಕೇಳುವವರಿಗೆ ಮುಚ್ಚಿದ ಪೆಟ್ಟಿಗೆಯೇ ಸಾಕು. ಗಂಡಸಿನ ಮಾತಿನ ದನಿ ಶುರುವಾಗುವುದೇ ಸುಮಾರು 85 ಹರ್ಟ್ಜ್‌ನಿಂದ. ಡೊಳ್ಳು, ಹಲಗೆಯ ಬಡಿತ, ಸಿನಿಮಾ ಬೇಕೆನ್ನುವವರು, ಡ್ರೈವರಿನ ಅಂಕಿಗಳ ಕಾಗದ ಕೈಯಲ್ಲಿರುವವರು, ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಡಲು ಜಾಗ ಇರುವವರು ಪೈಪಿನ ಕಡೆ ಹೋಗಲಿ. ಡ್ರೈವರನ್ನೇ ಕೇಳುವ ದಾರಿಯೂ ಒಂದಿದೆ. ಎಫ್ಎಸ್ ಅನ್ನು ಅದೇ ಕಾಗದದಲ್ಲಿರುವ ಇನ್ನೊಂದು ಅಂಕಿ ಕ್ಯುಇಎಸ್‌ನಿಂದ ಭಾಗಿಸಿ. 50ರ ಹತ್ತಿರ ಬಂದರೆ ಮುಚ್ಚಿದ ಪೆಟ್ಟಿಗೆ, 100ರ ಹತ್ತಿರ ಬಂದರೆ ಪೈಪ್, ನಡುವೆ ಬಂದರೆ ನಿಮ್ಮ ಇಷ್ಟ.

ಒಂದೇ ಡ್ರೈವರೋ, ಎರಡೋ

ಒಂದು ಪೆಟ್ಟಿಗೆಗೆ ಒಂದೇ ಫುಲ್ ರೇಂಜ್ (ಎಲ್ಲ ಸ್ವರಗಳನ್ನೂ ತಾನೇ ನುಡಿಸುವ) ಡ್ರೈವರ್ ಹಾಕಬಹುದು. ಇಲ್ಲ, ಕೆಳಗಿನ ಸ್ವರಗಳಿಗೆ ವೂಫರ್, ಮೇಲಿನವಕ್ಕೆ ಟ್ವೀಟರ್ ಎರಡನ್ನೂ ಹಾಕಿ, ನಡುವೆ ಸ್ವರಗಳನ್ನು ಹಂಚಿಕೊಡುವ ಕ್ರಾಸ್‌ಓವರ್ ಕೂಡಿಸಬಹುದು. ನಾಲ್ಕಿಂಚಿನ ಫುಲ್ ರೇಂಜಿಗೆ ಆಂಪ್ಲಿಫೈಯರ್‌ನಿಂದ ನೇರ ಎರಡು ತಂತಿ, ಅಷ್ಟೇ. ಕೆಡಿಸಲು ಏನೂ ಇಲ್ಲ. ಹಾಡುವವರ ಕಂಠ ಒಂದೇ ಜಾಗದಿಂದ ಬರುತ್ತದೆ. ನನಗೆ ಅದರ ಮೇಲೆ ತುಂಬಾ ಪ್ರೀತಿ, ಮುಚ್ಚಿಡುವುದಿಲ್ಲ. ಕೊರತೆಯೂ ಇದೆ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೋಗುತ್ತವೆ. ಪಕ್ಕದಲ್ಲಿ ಕೂತವರಿಗೆ ಗೆಜ್ಜೆ, ತಾಳದ ಹೊಳಪು ಕಡಿಮೆ ಕೇಳುತ್ತದೆ. ಒಬ್ಬರೇ ಕೂತು ಕೇಳುವ ಮನೆಗೆ ಇದು ಸರಿ. ಮನೆಮಂದಿಯೆಲ್ಲ ಕೂತು ಕೇಳುವುದಾದರೆ ಟ್ವೀಟರ್ ಬೇಕು.

ಆರಿಂಚು ತಂದಿದ್ದರಂತೂ ಟ್ವೀಟರ್ ಇಲ್ಲದೆ ಆಗದು. ಟ್ವೀಟರ್‌ಗೆ ಕೆಪಾಸಿಟರ್ ಹಾಕದೆ ಯಾವತ್ತೂ ತಂತಿ ಕೊಡಬೇಡಿ, ಬೇಸ್ ನುಗ್ಗಿ ಕಾಯಿಲ್ ಸುಟ್ಟುಹೋಗುತ್ತದೆ. 8 ಓಮ್ (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,200 ಹರ್ಟ್ಜ್‌ನಿಂದ ಮೇಲಿನದು ಹೋಗುತ್ತದೆ. 3.3 ಹಾಕಿದರೆ ಸುಮಾರು 6,000. ನಾನ್ ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರೇ ಬೇಕು, ಪಾಲಿಪ್ರಾಪಿಲೀನ್ ಸಿಕ್ಕರೆ ಒಳ್ಳೆಯದು. ವೂಫರಿನ ಸಾಲಿನಲ್ಲಿ 0.33 ಮಿಲಿಹೆನ್ರಿ ಕಾಯಿಲ್ ಹಾಕಿದರೆ ಅದು ಮೇಲಿನ ಸ್ವರಗಳನ್ನು ತಡೆಯುತ್ತದೆ. ಇದು ಅತಿ ಸರಳ ಕ್ರಾಸ್‌ಓವರ್. ಪುಸ್ತಕದ ಲೆಕ್ಕ ಪೂರ್ತಿ ನಂಬಬೇಡಿ, ಡ್ರೈವರಿನ ಓಮ್ ಎಲ್ಲ ಸ್ವರದಲ್ಲೂ 8 ಇರುವುದಿಲ್ಲ. ಎರಡು ಮೂರು ಬೆಲೆಯ ಕೆಪಾಸಿಟರ್ ತಂದು ಬದಲಿಸಿ ಕೇಳಿ.

ಕಾರಿನ ಸ್ಪೀಕರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾರಿನ ಕೋಆಕ್ಸಿಯಲ್ ಡ್ರೈವರ್‌ನಲ್ಲಿ ಟ್ವೀಟರ್ ನಡುವೆಯೇ ಕೂತಿರುತ್ತದೆ, ನಮ್ಮೂರಲ್ಲೇ ಸುಲಭವಾಗಿ ಸಿಗುತ್ತದೆ. ಬಾಗಿಲೊಳಗಿನ ತೆರೆದ ಜಾಗಕ್ಕೆ ಮಾಡಿದ್ದಾದ್ದರಿಂದ ಅದರ ಕ್ಯುಟಿಎಸ್ ಸಾಮಾನ್ಯವಾಗಿ ಜಾಸ್ತಿ. ಹಾಗಾಗಿ ಪೈಪ್ ಹಾಕಬೇಡಿ, ದೊಡ್ಡ ಮುಚ್ಚಿದ ಪೆಟ್ಟಿಗೆ ಕೊಡಿ. ಅದು 4 ಓಮ್ ಇರುತ್ತದೆ, ಆಂಪ್ಲಿಫೈಯರ್ ತಡೆಯುತ್ತದೋ ನೋಡಿಕೊಳ್ಳಿ. ಹಳೆಯ ಮ್ಯೂಸಿಕ್ ಸಿಸ್ಟಮ್‌ನಿಂದ ಕಿತ್ತ ಡ್ರೈವರ್ ಆದರೆ ಕೋನಿನ ಸುತ್ತಲಿನ ಅಂಚನ್ನು ಬೆರಳಿಂದ ಮೆತ್ತಗೆ ಮುಟ್ಟಿ. ಫೋಮ್ ಅಂಚು ಕಾಲ ಕಳೆದಂತೆ ಪುಡಿಯಾಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ರಬ್ಬರ್ ಅಂಚು ಬಾಳುತ್ತದೆ.

ಅಂಕಿಗಳಿರುವ ಒಳ್ಳೆಯ ಡ್ರೈವರ್ ಊರಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಬಹುದು. ಹೈದರಾಬಾದಿಗೆ ಹೋಗುವ ಕೆಲಸವಿದ್ದರೆ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿಬನ್ನಿ. ಕೆಪಾಸಿಟರ್, ಬೋರ್ಡ್, ಟರ್ಮಿನಲ್ ಎಲ್ಲ ಅಲ್ಲೇ ಕೈಯಲ್ಲಿ ಹಿಡಿದು ನೋಡಿ ತರಬಹುದು.

ಕಟ್ಟಿಗೆಯ ಮಾತು

ಸ್ಪೀಕರ್ ಪೆಟ್ಟಿಗೆಗೆ ಎಂಡಿಎಫ್ (ಕಟ್ಟಿಗೆಯ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಒಳ್ಳೆಯದು ಅಂತ ಎಲ್ಲ ಕಡೆ ಓದುತ್ತೀರಿ. ಸುಳ್ಳಲ್ಲ. ಅದು ಎಲ್ಲ ಕಡೆ ಒಂದೇ ಸಮ, ಒಳಗೆ ಟೊಳ್ಳಿಲ್ಲ, ದುಂಡು ತೂತು ಬೆಣ್ಣೆಯಲ್ಲಿ ಕೊರೆದ ಹಾಗೆ ಬರುತ್ತದೆ. ಆದರೂ ನಾನು ಇಲ್ಲಿ ಅದನ್ನು ಬೇಡ ಅನ್ನುತ್ತೇನೆ, ಕೂಲರಿನ ಕಾರಣಕ್ಕೆ. ಬೇಸಿಗೆ ಮೂರು ತಿಂಗಳು ಕೂಲರ್ ಒದ್ದೆ ಗಾಳಿಯನ್ನು ಕೋಣೆಗೆ ತುಂಬುತ್ತದೆ. ಎಂಡಿಎಫ್‌ನ ಕತ್ತರಿಸಿದ ಅಂಚು ನೀರನ್ನು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನೆಲ ಒರೆಸುವಾಗ ಕೆಳಗೆ ತಾಗುವ ನೀರೂ ಅಷ್ಟೇ. ಎಲ್ಲ ಅಂಚಿಗೂ ಪ್ರೈಮರ್ ಎರಡು ಮೂರು ಸಲ ಕುಡಿಸುವ ತಾಳ್ಮೆ ಇದ್ದರೆ ಎಂಡಿಎಫ್ ಬಳಸಿ. ಅದರ ಪುಡಿ ತುಂಬಾ ನುಣುಪು, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೇ ಕತ್ತರಿಸಿ.

ಪ್ಲೈವುಡ್ ನನ್ನ ಆಯ್ಕೆ. 18 ಮಿಲಿಮೀಟರ್ ದಪ್ಪದ್ದು. ಹಲಗೆಯ ಮೇಲೆ ಐಎಸ್ 303 ಅಂತಿದ್ದರೆ ಸಾಧಾರಣ ತೇವ ತಡೆಯುವಂಥದು, ಐಎಸ್ 710 ಅಂತಿದ್ದರೆ ನೀರಿಗೂ ಜಗ್ಗದ್ದು. ಗುರುತಿಗಿಂತ ಅಂಚು ನೋಡುವುದು ಮುಖ್ಯ. ಪದರಗಳ ನಡುವೆ ಸಂದು ಕಂಡರೆ ಬಿಟ್ಟುಬಿಡಿ. ಒಳಗಿನ ಟೊಳ್ಳು ಹಾಡಿನ ಜೊತೆ ಝರ್ ಅಂತ ಅದುರುತ್ತದೆ, ಪೆಟ್ಟಿಗೆ ಕೂಡಿಸಿದ ಮೇಲೆ ಅದನ್ನು ಹುಡುಕುವುದೇ ಕಷ್ಟ. ಬೆರಳ ಗೆಣ್ಣಿನಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಹೋಗಿ. ದನಿ ಬದಲಾದ ಜಾಗದಲ್ಲಿ ಟೊಳ್ಳಿದೆ ಅಂತ ತಿಳಿಯಿರಿ.

ಮೂರನೆಯದು ಹಳೆಯ ಸಾಗವಾನಿ. ನಮ್ಮ ಕಡೆ ಹಳೆ ಮನೆ ಕೆಡವಿದಾಗ ಬಾಗಿಲು, ತೊಲೆ ಸಿಗುತ್ತವೆ. ಅದರ ಬಣ್ಣ, ವಾಸನೆ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ನನ್ನ ಮೊದಲ ಜೋಡಿ ಅಜ್ಜನ ಮನೆಯ ಬಾಗಿಲಿನದು. ಮಳೆಗಾಲದಲ್ಲಿ ಕೂಡಿಸಿದ್ದೆ. ಮುಂದಿನ ಏಪ್ರಿಲ್‌ಗೆ ಮೇಲಿನ ಹಲಗೆ ಕೂಡಿದ ಜಾಗದಲ್ಲಿ ಬೆರಳುಗುರು ತೂರುವಷ್ಟು ಸೀಳು ಬಂತು. ಬಹಳ ಬೇಜಾರಾಯಿತು, ಅಜ್ಜನ ಕೈ ತಾಗಿದ ಕಟ್ಟಿಗೆ ಅದು. ನಮ್ಮ ಓಣಿಯ ಬಡಿಗ ಕಾಕಾ ನೋಡಿ ಅಂದರು: "ಕಟ್ಟಿಗಿ ಸತ್ತಿಲ್ಲ ತಮ್ಮಾ, ಮಳಿಗಿ ಉಬ್ಬತದ, ಬಿಸಿಲಿಗಿ ಕುಗ್ಗತದ. ನೀ ಅದಕ್ಕ ನಾಕೂ ಕಡಿ ಅಂಟು ಹಾಕಿ ಕಟ್ಟಿದಿ." ಇಡೀ ಮರದ ಹಲಗೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಕೂತಿರುವುದರಿಂದ ಆ ಆಟ ನಡೆಯುವುದಿಲ್ಲ. ಈಗ ನಾನು ಪೆಟ್ಟಿಗೆಯನ್ನು ಪ್ಲೈವುಡ್‌ನಲ್ಲಿ ಮಾಡಿ, ಸಾಗವಾನಿಯ ತೆಳು ಪಟ್ಟಿಗಳನ್ನು ಮುಂದಿನ ಅಂಚಿಗೆ ಹಚ್ಚುತ್ತೇನೆ. ಕಣ್ಣಿಗೂ ಚೆಂದ, ಪೆಟ್ಟಿಗೆಯೂ ಗಟ್ಟಿ.

ಮೇಲಿನ 8.2 ಲೀಟರಿಗೆ ಒಳ ಅಳತೆ 16, 20, 26 ಸೆಂಟಿಮೀಟರ್ ಇಟ್ಟುಕೊಳ್ಳಿ. ಮೂರೂ ಒಂದೇ ಆಗಬಾರದು, ಒಂದು ಇನ್ನೊಂದರ ಎರಡು ಪಟ್ಟೂ ಆಗಬಾರದು. ಹಾಗಾದರೆ ಒಳಗಿನ ಮಾರ್ದನಿ ಒಂದೇ ಸ್ವರದ ಮೇಲೆ ಗುಡ್ಡೆಯಾಗುತ್ತದೆ. ಮುಂದು ಹಿಂದಿನ ಹಲಗೆ 19.6 ಗುಣಿಸು 29.6, ಪಕ್ಕದವು 20 ಗುಣಿಸು 29.6, ಮೇಲೆ ಕೆಳಗಿನವು 16 ಗುಣಿಸು 20. ಜೋಡಿ ಪೆಟ್ಟಿಗೆಗೆ ಪ್ರತಿಯೊಂದೂ ನಾಲ್ಕು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಕಟ್ ಪೀಸ್‌ನಲ್ಲಿ ಎಲ್ಲವೂ ಕೂರುತ್ತವೆ, ಪೂರ್ತಿ ಶೀಟ್ ಕೊಳ್ಳಬೇಡಿ. ನೇರ ಕಡಿತಗಳನ್ನು ಮಷೀನ್ ಇರುವ ಬಡಿಗರ ಹತ್ತಿರವೇ ಮಾಡಿಸಿ. ಕೈಗರಗಸದಲ್ಲಿ ಹನ್ನೆರಡು ಹಲಗೆಯನ್ನು ಮೂಲೆಮಟ್ಟಕ್ಕೆ ತರುವುದು ಹೊಸಬರಿಗೆ ಆಗದು. ದುಂಡು ತೂತನ್ನು ಮಾತ್ರ ಜಿಗ್ಸಾದಲ್ಲಿ ನೀವೇ ತೆಗೆಯಿರಿ, ಡ್ರೈವರಿನ ಅಂಚು ಸಣ್ಣಪುಟ್ಟ ಸೊಟ್ಟನ್ನು ಮುಚ್ಚುತ್ತದೆ.

ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು, ಒಂದು ರಾತ್ರಿ ಬಿಡಿ. ಒಳಮೂಲೆಗಳಿಗೆ ಕಟ್ಟಿಗೆಯ ಪುಡಿ ಮತ್ತು ಫೆವಿಕಾಲ್ ಕಲಸಿ ಮೆತ್ತಿ. ಹಿಂದಿನ ಹಲಗೆಗೆ ಅಂಟು ಬೇಡ. ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಇಟ್ಟು ಸ್ಕ್ರೂ ಮಾತ್ರ ಹಾಕಿ. ತಪ್ಪಾದರೆ ಬಿಚ್ಚಬೇಕಲ್ಲ.

ಒಳಗೆ ತುಂಬಲು ಗಾಜಿನ ಉಣ್ಣೆ ಬಳಸುವವರಿದ್ದಾರೆ, ಅದು ಚರ್ಮಕ್ಕೆ ಚುಚ್ಚುತ್ತದೆ. ದಿಂಬಿನ ಪಾಲಿಯೆಸ್ಟರ್ ಸುಲಭ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೆಯ ಕುರಿ ಉಣ್ಣೆಯ ಕಂಬಳಿಯ ತುಂಡು. ಮೊದಲು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕೊಡವಿ ಬಳಸಿ. ಮುಚ್ಚಿದ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿದರೆ ಅದು ತನ್ನ ಅಳತೆಗಿಂತ ಸ್ವಲ್ಪ ದೊಡ್ಡದಾದ ಹಾಗೆ ಕೆಲಸ ಮಾಡುತ್ತದೆ. ಪೈಪಿನದರಲ್ಲಿ ಗೋಡೆಗಷ್ಟೇ ಹಚ್ಚಿ, ಪೈಪಿನ ಬಾಯಿ ಬಿಟ್ಟು.

ಆಂಪ್ಲಿಫೈಯರ್

ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಟಿಡಿಎ 7297 ಅನ್ನುವ ಚಿಪ್ ಇರುವ ಸಿದ್ಧ ಬೋರ್ಡ್ 12 ವೋಲ್ಟ್‌ನಲ್ಲಿ ಓಡುತ್ತದೆ, ಕರೆಂಟ್ ಹೋದರೆ ಬ್ಯಾಟರಿಗೆ ಹಚ್ಚಬಹುದು. ಆದರೆ ಅದು ತಿನ್ನುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಶಾಖವಾಗುತ್ತದೆ. ಮೇ ತಿಂಗಳಲ್ಲಿ ಹೀಟ್‌ಸಿಂಕ್ ಮುಟ್ಟಲಾಗುವುದಿಲ್ಲ. ಟಿಪಿಎ 3116 ಚಿಪ್ಪಿನದು ಕ್ಲಾಸ್ ಡಿ, ಅಂದರೆ ಶಾಖವಾಗಿ ಕಡಿಮೆ ಕಳೆಯುವ ಬಗೆಯ ಬೋರ್ಡ್, ತಣ್ಣಗಿರುತ್ತದೆ, ನಮ್ಮ ಹವೆಗೆ ಅದೇ ಸರಿ. ಎರಡಕ್ಕೂ ಸಿದ್ಧ ಅಡಾಪ್ಟರ್ ತನ್ನಿ. 230 ವೋಲ್ಟ್‌ನ ತೆರೆದ ತಂತಿಯ ಕೆಲಸಕ್ಕೆ ಮೊದಲ ಸಲವೇ ಕೈ ಹಾಕಬೇಡಿ. ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ಕೋಣೆಗೆ 10 ವ್ಯಾಟ್ ಬೇಕಾದಷ್ಟಾಯಿತು.

ಇಡುವ ಜಾಗ

ಹಳೆ ಮನೆಯ ದಪ್ಪ ಗೋಡೆಯಲ್ಲಿ ಮಾಡ (ಗೂಡು) ಇರುತ್ತದಲ್ಲ, ಮುಚ್ಚಿದ ಪೆಟ್ಟಿಗೆ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಮುಂದಿನ ಹಲಗೆ 20 ಸೆಂಟಿಮೀಟರ್ ಅಗಲ ಇದ್ದರೆ ಸುಮಾರು 575 ಹರ್ಟ್ಜ್‌ಗಿಂತ ಕೆಳಗಿನ ದನಿ ಪೆಟ್ಟಿಗೆಯ ಹಿಂದಕ್ಕೂ ಸುತ್ತಿಕೊಂಡು ಹೋಗುತ್ತದೆ, ನಿಮಗೆ ಕಡಿಮೆ ಬೀಳುತ್ತದೆ. ಗೋಡೆ ಅದನ್ನು ತಿರುಗಿ ಕೊಡುತ್ತದೆ. ಹಿಂದೆ ಪೈಪ್ ಇರುವ ಪೆಟ್ಟಿಗೆಯನ್ನು ಮಾಡದಲ್ಲಿ ಇಡಬೇಡಿ, ಬೇಸ್ ಉಸಿರುಗಟ್ಟಿ ಗೊಗ್ಗರಾಗುತ್ತದೆ.

ಫರಸಿ ನೆಲ, ಗಿಲಾವಿನ ಗೋಡೆ, ಎರಡೂ ದನಿಯನ್ನು ಹೀರುವುದಿಲ್ಲ. ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಝಣ್ ಅಂತ ಬಾಲ ಬಂದರೆ, ಸ್ಪೀಕರಿಗೂ ನಿಮಗೂ ನಡುವೆ ಜಮಖಾನ ಹಾಸಿ, ಎದುರಿನ ಗೋಡೆಗೆ ಒಂದು ಕೌದಿ ತೂಗುಹಾಕಿ. ದುಬಾರಿ ಕೆಪಾಸಿಟರಿಗಿಂತ ಈ ಕೌದಿ ಜಾಸ್ತಿ ಕೆಲಸ ಮಾಡುತ್ತದೆ.

ಹಚ್ಚುವ ಮೊದಲು ಎರಡು ಪರೀಕ್ಷೆ ಮಾಡಿ. ಮುಚ್ಚಿದ ಪೆಟ್ಟಿಗೆಯ ಕೋನನ್ನು ನಾಲ್ಕು ಬೆರಳಿಂದ ಮೆಲ್ಲಗೆ ಒಳಗೊತ್ತಿ ಬಿಡಿ. ತಡೆದು ತಡೆದು ವಾಪಸ್ ಬಂದರೆ ಗಾಳಿ ಸೋರುತ್ತಿಲ್ಲ. ತಟ್ಟನೆ ಬಂದರೆ ಎಲ್ಲೋ ಸಂದಿದೆ, ಟರ್ಮಿನಲ್ ಸುತ್ತ ಮೊದಲು ನೋಡಿ. ಆಮೇಲೆ 1.5 ವೋಲ್ಟಿನ ಶೆಲ್ ಒಂದನ್ನು ಟರ್ಮಿನಲ್‌ಗೆ ಒಂದು ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಕೋನ್ ಹೊರಗೆ ಚಿಮ್ಮಬೇಕು, ಎರಡೂ ಪೆಟ್ಟಿಗೆಯಲ್ಲಿ.

ಇಷ್ಟಾದ ಮೇಲೆ ಎರಡೂ ಸ್ಪೀಕರನ್ನು ಐದಾರು ಅಡಿ ದೂರದಲ್ಲಿಟ್ಟು, ಎದುರು ನಡುವೆ ಕೂತು, ಮೊದಲು ಹಾಡು ಬೇಡ, ಫೋನಿನಲ್ಲಿ ಒಬ್ಬರೇ ಮಾತಾಡುವ ರೇಡಿಯೋ ವಾರ್ತೆ ಹಚ್ಚಿ. ದನಿ ಎರಡು ಪೆಟ್ಟಿಗೆಯ ನಡುವೆ, ಅಲ್ಲೊಬ್ಬರು ಕೂತು ಓದುತ್ತಿರುವ ಹಾಗೆ ನಿಲ್ಲಬೇಕು. ಎತ್ತಲೋ ಹರಡಿಕೊಂಡು, ಬೇಸ್ ಇಲ್ಲದೆ ಕೇಳಿದರೆ ಒಂದು ಪೆಟ್ಟಿಗೆಯ ತಂತಿ ತಿರುವುಮುರುವಾಗಿದೆ. ಬದಲಿಸಿ, ಮತ್ತೆ ಕೂತು ಕೇಳಿ.